ಇವಾಲಿನಾಳ ನೀಲಿ ಅಂಚಿನ ಬೋಗುಣಿ

ನಮ್ಮ ಒಜೆಲ್ಲಾ ಅಕ್ಕ ಸೊಪ್ಪು ತರಲು ಹೋದರೆ ಸೊಪ್ಪಿನವಳ ಅಜ್ಜಿಯ ಹೆಸರು, ಅವಳ ತವರು, ಅವಳು ಯಾವ ಚರ್ಚಿನ ಹಿತ್ತಲಲ್ಲಿ ಮಲಗಿದ್ದಾಳೆ ಎನ್ನುವುದನ್ನೆಲ್ಲ ಕೇಳಿಕೊಂಡು ಬರುತ್ತಿದ್ದಳು. ಸೊಪ್ಪು ಮಾತ್ರ ಅಂಗಡಿಯಲ್ಲೇ ಉಳಿದಿರುತ್ತಿತ್ತು. ನಾನು ಮತ್ತೆ ಕಾರು ತೆಗೆದು ಹೋಗಬೇಕು. ಹೀಗೆ ಒಂಬತ್ತು ವರ್ಷ ನನ್ನ ತಲೆ ತಿಂದಳು. ಈಗ ತಿನ್ನುವವರಿಲ್ಲ, ತಲೆ ಇದ್ದಲ್ಲೇ ಇದೆ, ಅದರಿಂದ ಏನು ಉಪಯೋಗವೋ ನನಗೆ ತಿಳಿಯದು.

ಅಕ್ಕ ಅನ್ನುತ್ತೇನೆ, ನಿಜಕ್ಕೆ ಅವಳು ನನ್ನ ದೊಡ್ಡಮ್ಮನ ಮಗಳು. ದೊಡ್ಡಮ್ಮನ ಹೆಸರು ಇವಾಲಿನಾ. ನಮ್ಮಮ್ಮ ಹ್ಯಾಗರ್‌ಗೆ ಒಬ್ಬಳೇ ಅಕ್ಕ. ೧೯೪೪ರಲ್ಲಿ ಎದೆಯ ಕಾಯಿಲೆಯಲ್ಲಿ ತೀರಿಕೊಂಡಾಗ ಇವಾಲಿನಾಳಿಗೆ ಇಪ್ಪತ್ತೈದು, ಒಜೆಲ್ಲಾಳಿಗೆ ನಾಲ್ಕು. ಸತ್ತ ತಾಯಿ ಮಗುವಿನ ಆಸೆಗೆ ಹಿಂದಿರುಗಿ ಬರಬಾರದೆಂದು ನಮ್ಮಲ್ಲಿ ಮಗುವನ್ನು ಶವಪೆಟ್ಟಿಗೆಯ ಮೇಲಿಂದ ಈ ಕೈಯಿಂದ ಆ ಕೈಗೆ ದಾಟಿಸುತ್ತಾರೆ. ಅವಳನ್ನೂ ದಾಟಿಸಿದರು. ತಾಯಿಯ ಮುಖ ಅವಳಿಗೆ ನೆನಪಿರಲಿಲ್ಲ. ಗಾಳಿಯಲ್ಲಿ ತೇಲಿದ್ದು, ಕೆಳಗೆ ಹಳದಿ ಹಲಗೆ ಕಂಡದ್ದು, ಅಷ್ಟೇ ನೆನಪು.

ಆಮೇಲೆ ನಮ್ಮಮ್ಮನೇ ಅವಳನ್ನು ಸಾಕಿದಳು. ನಾನು ಹುಟ್ಟಿದ್ದು ಅವಳಿಗೆ ಏಳಾದಾಗ. ನನ್ನನ್ನು ಸೊಂಟದ ಮೇಲೆ ಹೊತ್ತು ಹೊತ್ತು ಅವಳ ನಡಿಗೆಯೇ ಒಂದು ಕಡೆಗೆ ವಾಲಿತು ಎಂದು ಅಮ್ಮ ಬೈಯುತ್ತಿದ್ದಳಂತೆ. ಅವಳಿಗೆ ಹತ್ತು ತುಂಬುವಾಗ ಅವಳಪ್ಪ ಫಿಲಡೆಲ್ಫಿಯಾದಿಂದ ಹೊಸ ಹೆಂಡತಿಯ ಜೊತೆ ಬಂದು ಅವಳನ್ನು ಕರೆದುಕೊಂಡು ಹೋದ. ಅಲ್ಲಿ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಊರವರ ರೋಗದ ಕಡತ ಜೋಡಿಸಿದಳು. ಮದುವೆಯೂ ಆಯಿತು, ಒಂದೇ ವರ್ಷಕ್ಕೆ ಬಿಟ್ಟೂ ಬಂದಳು. ಯಾಕೆಂದು ಕೇಳಿದರೆ "ಗೊರಕೆ" ಎನ್ನುತ್ತಿದ್ದಳು, ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಮಕ್ಕಳಾಗಲಿಲ್ಲ. ನಮ್ಮಮ್ಮ ತೀರಿಕೊಂಡಾಗ ಒಂದೇ ದಿನಕ್ಕೆ ಬಂದು, ಜಡಿಮಳೆಯಲ್ಲಿ ಮಣ್ಣು ಹಾಕಿ, ಸಂಜೆಯ ಬಸ್ಸಿಗೆ ಹೊರಟುಹೋಗಿದ್ದಳು.

೨೦೦೬ರಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ಒಂದು ಟ್ರಂಕು ಮತ್ತು ಒಂದು ಕಬ್ಬಿಣದ ಕಡತಪೆಟ್ಟಿಗೆ ಹೊತ್ತು ನಮ್ಮೂರು ಟೂಮರ್ಸ್ ಲ್ಯಾಂಡಿಂಗ್‌ಗೆ ಮರಳಿದಳು. ನಮ್ಮ ಮನೆಯಿಂದ ಮೂರನೇ ಮನೆ ಹಿಡಿದಳು. ಮೊದಲ ದಿನ ನನ್ನಲ್ಲೇ ಊಟ. ಟೊಮೆಟೊ ಹಾಕಿದ ಕೆಂಪನ್ನ, ಕರಿದ ಮೀನು, ಬೆಂಡೆಕಾಯಿ ಮಾಡಿದ್ದೆ. ಅರ್ಧ ತಟ್ಟೆ ಉಣ್ಣುವುದರೊಳಗೆ ಕೈ ಒರೆಸಿಕೊಂಡು ಚೀಲದಿಂದ ಒಂದು ಹಳೇ ಕಾಗದ ತೆಗೆದಳು.

"ಗುರುತು ಸಿಕ್ತಾ, ಸೀನಾ?"

ನನ್ನ ಹೆಸರು ತೊಮಸೀನಾ. ಸೀನಾ ಎನ್ನುವವರು ಅಮ್ಮ ಹೋದಮೇಲೆ ಯಾರೂ ಉಳಿದಿರಲಿಲ್ಲ. ಕಾಗದ ನೋಡಿದೆ. ಅಕ್ಷರ ನನ್ನದೇ. ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ, ೧೯೬೧ರಲ್ಲಿ ಹದಿನಾಲ್ಕು ವರ್ಷದ ನಾನು ಅವಳು ಹೇಳಿದಂತೆ ಬರೆದಿದ್ದೆ. ಒಜೆಲ್ಲಾ ಅದನ್ನು ನೋಡದೆಯೇ ಒಪ್ಪಿಸಿದಳು.

"'ನಿಮ್ಮಮ್ಮನ ಗೋರಿ ಮೇಲೆ ಅವಳು ಕಡೇ ಸಲ ಮುಖ ತೊಳ್ಕೊಂಡ ನೀಲಿ ಅಂಚಿನ ಬೋಗುಣಿ ಇದೆ. ಪಕ್ಕದಲ್ಲಿ ನೀನು ಹಾಲು ಕುಡೀತಿದ್ದ ತಗಡಿನ ಲೋಟ. ನೀನು ಬಂದಾಗ ಹುಡುಕೋದೇನೂ ಬೇಡ, ದೂರದಿಂದ್ಲೇ ಕಾಣುತ್ತೆ.' ಬಂದಿದೀನಿ ಕಣೇ. ಊಟ ಆದ್ಮೇಲೆ ತೋರಿಸ್ತೀಯಾ?"

ನಾನು ಅವಳ ಲೋಟಕ್ಕೆ ನೀರು ಬಗ್ಗಿಸಿದೆ, ಅದು ಆಗಲೇ ತುಂಬಿತ್ತು. ಯಾಕೆಂದು ಇಲ್ಲೇ ಹೇಳಿಬಿಡುತ್ತೇನೆ.

ನಮ್ಮವರು ಸತ್ತವರು ಕಡೆಯದಾಗಿ ಮುಟ್ಟಿದ ವಸ್ತುಗಳನ್ನು ಗೋರಿಯ ಮೇಲೆ ಇಡುತ್ತಿದ್ದರು. ತಟ್ಟೆ, ಲೋಟ, ಔಷಧಿ ಬಾಟಲಿ, ದೀಪದ ಗಾಜು, ನಿಂತ ಗಡಿಯಾರ. ಇಡುವ ಮುಂಚೆ ತಳ ಒಡೆಯಬೇಕು. ಒಡೆದರೆ ಸಾವಿನ ಸರಪಳಿ ಅಲ್ಲಿಗೆ ತುಂಡಾಗುತ್ತದೆ, ಮನೆಯ ಇನ್ನೊಬ್ಬರು ಹಿಂದೆಯೇ ಹೋಗುವುದಿಲ್ಲ. ಇಟ್ಟದ್ದನ್ನು ಯಾರೂ ಮುಟ್ಟಬಾರದು. ನಮ್ಮ ಗಿಲ್ಯಾದ್ ಚರ್ಚಿನ ಹಿತ್ತಲಲ್ಲಿ ಕಲ್ಲು ಇದ್ದ ಗೋರಿಗಳು ಹನ್ನೊಂದೋ ಹನ್ನೆರಡೋ. ಮಿಕ್ಕ ಇನ್ನೂರಕ್ಕೂ ಈ ಚೂರುಪಾರೇ ಗುರುತು.

೧೯೬೮ರಲ್ಲಿ ಚರ್ಚಿಗೆ ನೂರು ವರ್ಷ ತುಂಬಿತು. ನಾನು ಟೀಚರ್ ತರಬೇತಿ ಮುಗಿಸಿ ಆಗತಾನೆ ಊರಿಗೆ ಬಂದಿದ್ದೆ. ಇಪ್ಪತ್ತೊಂದರ ಪ್ರಾಯ, ಎರಡು ಪುಸ್ತಕ ಓದಿದ ಜಂಬ, ನೆಲ ಕಾಣದ ನಡಿಗೆ. ಹಬ್ಬಕ್ಕೆ ಪಟ್ಟಣದ ದೊಡ್ಡ ದೊಡ್ಡ ಪಾದ್ರಿಗಳು ಬರುವವರಿದ್ದರು. ಅವರು ನಮ್ಮ ಸ್ಮಶಾನ ನೋಡಿ ಇದೇನು ತಿಪ್ಪೆಯೋ ಎಂದುಕೊಂಡರೆ ಎಂದು ನನಗೆ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು. ಯುವಕ ಸಂಘ ಕಟ್ಟಿಕೊಂಡು, ಕೈಗೆ ಬಿಳಿ ಗ್ಲೌಸು ಹಾಕಿಕೊಂಡು, ಹಾಡು ಹೇಳುತ್ತ, ಮೂರು ಗಾಡಿ ಚೂರು ತುಂಬಿಸಿ ಅಳಿವೆಯ ಕೆಸರಿಗೆ ಸುರಿಸಿದೆ. ಕುಂಟೆ ಎಳೆಸಿ ಮಣ್ಣು ಸಮ ಮಾಡಿಸಿದೆ. ಬೋಗುಣಿಯ ಕಾಗದವನ್ನು ಏಳು ವರ್ಷದ ಹಿಂದೆ ಈ ಕೈಯಲ್ಲೇ ಬರೆದಿದ್ದೆ, ಅದು ಆವತ್ತು ಮನಸ್ಸಿಗೆ ಬರಲೇ ಇಲ್ಲ.

ಮನೆಗೆ ಹೋದಾಗ ಅಮ್ಮ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

"ನೀನು ಓದ್ದೋಳು," ಎಂದಳು. "ನಮಗೆ ಓದೋಕೆ ಬರ್ತಿತ್ತಾ, ಕಲ್ಲು ಕೊಳ್ಳೋಕೆ ಆಗ್ತಿತ್ತಾ? ಆ ತಟ್ಟೆ ನೋಡಿದ್ರೆ ಇದು ಇಂಥೋರು, ಆ ಬಾಟ್ಲಿ ನೋಡಿದ್ರೆ ಅದು ಅಂಥೋರು ಅಂತಿದ್ವಿ. ಈಗ ಯಾರನ್ನ ಏನಂತ ಕರೀಲಿ?"

ಮಾರನೆಯ ಬೆಳಿಗ್ಗೆ ಅಮ್ಮ ತನ್ನ ಅಕ್ಕನ ಗೋರಿ ಹುಡುಕಿಕೊಂಡು ಒಬ್ಬಳೇ ಹೋದಳು. ಮಧ್ಯಾಹ್ನ ಬಂದು, "ನಾಲ್ಕು ಕಡೆ ಅದೇ ಥರ ಕಾಣುತ್ತೆ," ಎಂದು ಒಲೆಯ ಮುಂದೆ ಕುಳಿತಳು. ಅಲ್ಲಿಂದ ಸಾಯುವವರೆಗೂ ಆ ಮಾತು ಎತ್ತಲಿಲ್ಲ. ಒಜೆಲ್ಲಾಳಿಗೆ ತಿಳಿಸು ಎಂದು ಇನ್ನೊಂದು ಕಾಗದ ಬರೆಸಲೂ ಇಲ್ಲ. ನನ್ನ ಮಾನ ಕಾಯ್ದಳೋ, ಅವಳ ಆಸೆ ಕಾಯ್ದಳೋ, ಗೊತ್ತಿಲ್ಲ.

ಈಗ ಆ ಕಾಗದ ನನ್ನ ಮೇಜಿನ ಮೇಲಿತ್ತು.

"ಬಿರುಗಾಳಿ ಬಂದಿತ್ತಲ್ಲಕ್ಕ," ಎಂದೆ. "ನೀರು ಚರ್ಚಿನ ಮೆಟ್ಟಿಲವರೆಗೂ ಏರಿತ್ತು. ಎಲ್ಲಾ ಕೊಚ್ಕೊಂಡು ಹೋಯ್ತು."

"ಜಾಗ ನಿಂಗೆ ಗೊತ್ತಿರಬೇಕಲ್ಲ?"

"ಅಮ್ಮಂಗಷ್ಟೇ ಗೊತ್ತಿತ್ತು."

ಅವಳು ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ತಣ್ಣಗಾಗಿದ್ದ ಮೀನನ್ನು ಪೂರ್ತಿ ತಿಂದಳು. "ಪರವಾಗಿಲ್ಲ ಬಿಡು. ಕಳೆದ್ಹೋದ ಕಡತ ಹುಡುಕೋದೇ ನನ್ನ ಕೆಲಸ ಆಗಿತ್ತು," ಎಂದಳು.

ಅಲ್ಲಿಂದ ಶುರುವಾಯಿತು ನೋಡಿ. ಮಂಗಳವಾರ, ಗುರುವಾರ ಜಿಲ್ಲಾ ಕಚೇರಿ. ಕಾರು ಓಡಿಸುವವಳು ನಾನು, ಬುತ್ತಿ ಕಟ್ಟುವವಳು ನಾನು, ಧೂಳು ಕುಡಿದು ಸೀನುವವಳೂ ನಾನು. ಕಚೇರಿಯಲ್ಲಿ ಕಾರ್ಲಿನ್ ಎಂಬ ಬಿಳಿ ಹೆಂಗಸು ಗುಮಾಸ್ತೆ. ನಮ್ಮನ್ನು ಕಂಡ ಕೂಡಲೇ ಬೀಗದ ಕೈ ಎತ್ತಿಕೊಳ್ಳುತ್ತಿದ್ದಳು.

"ಇವತ್ತು ಯಾರು ಸತ್ತಿದ್ದಾರೆ, ಮಿಸ್ ಒಜೆಲ್ಲಾ?"

"ಹಳಬರೇ ಕಣಮ್ಮ. ಹೊಸಬರ ಸುದ್ದಿ ನಂಗ್ಯಾಕೆ."

ಒಜೆಲ್ಲಾಳ ಬಳಿ ಹಸಿರು ರಟ್ಟಿನ ಒಂದು ದಪ್ಪ ಪುಸ್ತಕವಿತ್ತು. ಅದರಲ್ಲಿ ಬರೆಯಲು ಒಂದು ಕಟ್ಟಳೆ. ಎರಡು ಸಾಕ್ಷಿ ಸಿಕ್ಕಿದ ಸಂಗತಿಯನ್ನು ಇಂಕಿನಲ್ಲಿ ಬರೆಯಬೇಕು. ಒಬ್ಬರ ಬಾಯಿಮಾತು, ಒಂದೇ ಕಾಗದ, ಊಹೆ ಇವೆಲ್ಲ ಪೆನ್ಸಿಲ್ಲು. ಎರಡನೆಯ ಸಾಕ್ಷಿ ಸಿಕ್ಕಿದ ದಿನ ಪೆನ್ಸಿಲ್ಲಿನ ಮೇಲೆ ಇಂಕು ತಿದ್ದಿ, ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದುತ್ತಿದ್ದಳು. ನನ್ನ ಹುಟ್ಟಿದ ದಿನವನ್ನೂ ಪೆನ್ಸಿಲ್ಲಿನಲ್ಲಿ ಬರೆದಿದ್ದಳು ಮಾರಾಯರೇ.

"ನಾನು ಹುಟ್ಟಿದಾಗ ನೀನೇ ಬಾಗಿಲಲ್ಲಿ ನಿಂತಿದ್ಯಲ್ಲಕ್ಕ?"

"ನಾನು ಒಂದು ಸಾಕ್ಷಿ. ಇನ್ನೊಂದು ತಗೊಂಡು ಬಾ."

ಸೂಲಗಿತ್ತಿಯ ಪುಸ್ತಕದ ಪ್ರತಿ ತರಿಸಿಕೊಟ್ಟ ಮೇಲೆ ನಾನು ಇಂಕಿನಲ್ಲಿ ಹುಟ್ಟಿದೆ.

ಕಲ್ಲಿದ್ದ ಗೋರಿಗಳನ್ನೂ ಬಿಡಲಿಲ್ಲ. ಸವೆದ ಅಕ್ಷರ ಓದಲು ನಾನು ಕನ್ನಡಿ ಹಿಡಿದು ಬಿಸಿಲನ್ನು ಕಲ್ಲಿನ ಮೇಲೆ ಓರೆಯಾಗಿ ಬಿಡಬೇಕು, ಅವಳು ಮಂಡಿಯೂರಿ ಓದಬೇಕು. ಕೈ ಸೋತು ಕನ್ನಡಿ ಅಲುಗಿದರೆ, "ಏನೇ ಅದು, ಬಸ್ಸಿಗೆ ಕೈ ತೋರಿಸ್ತಿದೀಯಾ?" ಎನ್ನುತ್ತಿದ್ದಳು. ಅಜ್ಜ ಸಿಕ್ಕಿದ. ಮುತ್ತಜ್ಜಿ ಸಿಕ್ಕಳು. ೧೮೭೦ರ ಜನಗಣತಿಯಲ್ಲಿ ಅವಳ ತಾಯಿ ಬೈನಾ ಸಿಕ್ಕಳು, ವಯಸ್ಸು ಐವತ್ತು, ಓದು ಬರಹ ಇಲ್ಲ. ಅದಕ್ಕೂ ಹಿಂದೆ ನಮ್ಮವರು ಬಿಳಿಯರ ಗುಲಾಮರು, ಸರ್ಕಾರದ ಪುಸ್ತಕದಲ್ಲಿ ಹೆಸರಿಲ್ಲ, ವಯಸ್ಸಿನ ಮುಂದೆ ಒಂದು ಗೀಟು. ಮೂರನೇ ವರ್ಷ ಸತ್ತ ಧಣಿಯೊಬ್ಬನ ಆಸ್ತಿಪಟ್ಟಿಯಲ್ಲಿ ಬೈನಾ ಮತ್ತೆ ಸಿಕ್ಕಳು. ಕುದುರೆ ಜೀನಿನ ಕೆಳಗೆ, ಮಜ್ಜಿಗೆ ಕಡೆಯುವ ಪೀಪಾಯಿಯ ಮೇಲೆ, "ಬೈನಾ ಮತ್ತು ಮಗು". ಒಜೆಲ್ಲಾ ಅದನ್ನು ಎರಡು ಸಲ ಓದಿ, ಪೆನ್ನಿನ ಮುಚ್ಚಳ ತೆಗೆದು, "ಎರಡಾಯ್ತು, ಇಂಕು," ಎಂದಳು. 

ನೂರೈವತ್ತು ವರ್ಷ ಹಿಂದಿನವಳು ಸಿಕ್ಕಳು. ಹೆತ್ತವಳು ಸಿಗಲಿಲ್ಲ. ಮರಣಪತ್ರದಲ್ಲಿ ಇವಾಲಿನಾಳನ್ನು ಹೂಳಿದ್ದು ಗಿಲ್ಯಾದ್‌ನಲ್ಲಿ ಎಂದಷ್ಟೇ ಇತ್ತು. ಒಜೆಲ್ಲಾ ಹಗ್ಗ ಹಿಡಿದು ಸ್ಮಶಾನ ಅಳೆದಳು, ನಕ್ಷೆ ಬರೆದಳು, ಉಳಿದ ಮುದುಕರನ್ನೆಲ್ಲ ಕುರ್ಚಿ ಸಮೇತ ಅಲ್ಲಿಗೆ ಸಾಗಿಸಿ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಓಕ್ ಮರದ ಬೇರಿನ ಮೇಲೆ ಕುಳಿತು, ಬೇಯಿಸಿದ ಕಡಲೆಕಾಯಿ ಸುಲಿಯುತ್ತ, ನನ್ನ ಕಡೆ ನೋಡದೆ ಹೇಳಿದಳು.

"ನಾಲ್ಕು ವರ್ಷ ಅವಳ ಮಡಿಲಲ್ಲಿದ್ದೆ. ಆಮೇಲೆ ಎಲ್ಲಾ ಯಾರ್ಯಾರ್ದೋ ಮನೆ. ನಿಮ್ಮನೆ ಬಿಡು, ಅದು ಬೇರೆ. ಕಡೇಗಾದ್ರೂ ಅವಳ ಪಕ್ಕ ಮಲಗಬೇಕು ಕಣೇ ಸೀನಾ. ಇನ್ನೇನೂ ಬೇಡ ನಂಗೆ."

ಆಗ ಹೇಳಬೇಕಿತ್ತು. ಹೇಳಲಿಲ್ಲ. ನನ್ನಂಥ ಹೇಡಿ ಈ ನದಿಯ ಎರಡೂ ದಡದಲ್ಲಿಲ್ಲ. ಕಡಲೆಕಾಯಿ ಉಪ್ಪಾಯಿತು ಎಂದೆ.

ಹೇಳಿದ್ದು ಒಂದು ಪುಸ್ತಕ. ೨೦೧೩ರ ಅಕ್ಟೋಬರಿನಲ್ಲಿ ಪಾದ್ರಿಯ ಹೆಂಡತಿ ಹಳೇ ಬೀರು ಖಾಲಿ ಮಾಡುವಾಗ ಚರ್ಚಿನ ಸಭೆಗಳ ನಡಾವಳಿ ಪುಸ್ತಕಗಳು ಸಿಕ್ಕವು. ಒಜೆಲ್ಲಾಳಿಗೆ ಹಬ್ಬ. ಚರ್ಚಿನ ಕಚೇರಿಯಲ್ಲಿ ಮೂರು ದಿನ ಓದಿದಳು. ನಾನು ಎದುರಿಗೆ ಕುಳಿತು ಬಟಾಣಿ ಸುಲಿಯುತ್ತಿದ್ದೆ. ಮೂರನೆಯ ದಿನ ಅವಳ ಬೆರಳು ನಿಂತಿತು. ಎಂದಿನಂತೆ ಗಟ್ಟಿಯಾಗಿ ಓದಿದಳು.

"'ಮಿಸ್ ತೊಮಸೀನಾ ಗ್ಯಾಡ್ಸನ್ ಅವರ ಮುಂದಾಳತ್ವದಲ್ಲಿ ಯುವಕ ಸಂಘದವರು ಸ್ಮಶಾನವನ್ನು ಸ್ವಚ್ಛಗೊಳಿಸಿ ಮೂರು ಗಾಡಿ ಕಸವನ್ನು ತೆಗೆದು ಹಾಕಿದ್ದಾರೆ. ಸಭೆಯು ಅವರಿಗೆ ವಂದನೆ ಸಲ್ಲಿಸುತ್ತದೆ.'"

ಬಟಾಣಿ ಸುಲಿಯುತ್ತಲೇ ಇದ್ದೆ. ಕೈ ಬೇರೆ ಯಾರದೋ ಅನಿಸುತ್ತಿತ್ತು.

"ಬಿರುಗಾಳಿ ಅಂದ್ಯಲ್ಲೇ," ಎಂದಳು.

"ಅಕ್ಕ..."

"ಎತ್ತಿದೋಳು ನೀನು. ಸರಿ, ಆಯ್ತು. ಬೋಗುಣಿ ಯಾವ ಕಡೆ ಇತ್ತು? ಅಷ್ಟು ಹೇಳಿದ್ರೆ ಸಾಕು. ನಾನು ಇನ್ನೊಂದು ಮಾತು ಕೇಳಲ್ಲ."

ನೋಡಿ, ಅವಳು ಬೈಯಲಿಲ್ಲ. ಕ್ಷಮಿಸಲು ತಯಾರಾಗಿಯೇ ಕೇಳಿದಳು. ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ. ಮೂರು ಗಾಡಿ ಎತ್ತಿಸಿದೆ, ಒಂದು ಚೂರನ್ನೂ ನೋಡಿರಲಿಲ್ಲ.

"ಗೊತ್ತಿಲ್ಲಕ್ಕ. ನಾನು ನೋಡ್ಲಿಲ್ಲ."

ಪುಸ್ತಕ ಮುಚ್ಚಿದಳು. ಆರು ಮೈಲಿ ನಡೆದೇ ಮನೆಗೆ ಹೋದಳು, ಎಪ್ಪತ್ತಮೂರು ವರ್ಷದವಳು. ನಾನು ಕಾರಿನಲ್ಲಿ ಅವಳ ಹಿಂದೆ ಹಿಂದೆಯೇ ಹೋದೆ, ಆಮೆಯ ಹಾಗೆ. ಒಮ್ಮೆಯೂ ತಿರುಗಲಿಲ್ಲ.

ಎರಡು ತಿಂಗಳು ಮಾತಿಲ್ಲ. ವಾರಕ್ಕೊಮ್ಮೆ ಅವಳ ಜಗುಲಿಯ ಮೇಲೆ ಸಿಹಿಗೆಣಸಿನ ಕಡುಬು ಇಟ್ಟು ಬರುತ್ತಿದ್ದೆ. ಮಾರನೆಯ ದಿನ ತೊಳೆದ ತಟ್ಟೆ ನನ್ನ ಜಗುಲಿಯಲ್ಲಿರುತ್ತಿತ್ತು. ತಿನ್ನುತ್ತಿದ್ದಳೋ ನಾಯಿಗೆ ಹಾಕುತ್ತಿದ್ದಳೋ, ತಟ್ಟೆಯನ್ನಂತೂ ತೊಳೆಯುತ್ತಿದ್ದಳು. ಅಷ್ಟಕ್ಕೇ ನಾನು ಬದುಕಿದ್ದೆ.

ಕ್ರಿಸ್‌ಮಸ್ ಆದಮೇಲೆ ಒಂದು ಬೆಳಿಗ್ಗೆ ಅವಳೇ ಬಂದಳು. ತುಟಿ ನೀಲಿಗಟ್ಟಿತ್ತು, ಕಾಲು ಊದಿತ್ತು. ಹೃದಯ ದಣಿದಿದೆ ಎಂದಿದ್ದರಂತೆ ಡಾಕ್ಟರು.

"ಕಾರು ತೆಗಿ."

ಸ್ಮಶಾನಕ್ಕೆ ಹೋದೆವು. ಓಕ್ ಮರದ ಕೆಳಗೆ ಮಡಿಸುವ ಕುರ್ಚಿ ಹಾಕಿ ಅವಳನ್ನು ಕೂರಿಸಿದೆ.

"ಕಣ್ಮುಚ್ಕೋ," ಎಂದಳು. "ಆವತ್ತಿನ ದಿನ ನೆನೆಸ್ಕೋ. ನಿಧಾನಕ್ಕೆ. ನಂಗೇನೂ ಅವಸರ ಇಲ್ಲ."

ಮುಚ್ಚಿದೆ. ಬಿಳಿ ಗ್ಲೌಸು ನೆನಪಾಯಿತು. ಹೇಳಿದ ಹಾಡು ನೆನಪಾಯಿತು. ಪಟ್ಟಣದ ಪಾದ್ರಿಯ ಹೊಳೆಯುವ ಬೂಟು ಕೂಡ ನೆನಪಾಯಿತು, ದರಿದ್ರದ್ದು. ಬೋಗುಣಿ ಬರಲಿಲ್ಲ. ಕಣ್ಣು ತೆರೆದರೆ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಎರಡು ಕೈಯನ್ನೂ ಮಡಿಲಲ್ಲಿ ಚಾಚಿಟ್ಟುಕೊಂಡಿದ್ದಳು. ನನಗೆ ತಡೆಯಲಾಗಲಿಲ್ಲ. ಎದ್ದೆ, ಬಿಸಿಲು ಬೀಳುತ್ತಿದ್ದ ಒಂದು ಕಡೆಗೆ ನಡೆದು ನಿಂತೆ.

"ಇಲ್ಲೇ," ಎಂದೆ.

"ಖಾತ್ರಿನಾ?"

"ಖಾತ್ರಿ ಅಕ್ಕ. ಈಗ ನೆನಪಾಯ್ತು. ಬೋಗುಣಿ ಎತ್ತಿದೋಳು ನಾನೇ. ತಳದಲ್ಲಿ ತೂತಿತ್ತು, ಒಳಗೆ ಮಳೆನೀರಿನ ಕರೆ ಇತ್ತು. ಲೋಟ ಪಕ್ಕದಲ್ಲೇ ಮಗುಚ್ಕೊಂಡಿತ್ತು."

ಸುಳ್ಳು ಹೇಳುವಾಗ ನನಗೆ ಎಷ್ಟು ವಿವರ ಹೊಳೆಯುತ್ತದೆ ನೋಡಿ.

ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಮರವನ್ನು ಹಿಡಿದುಕೊಂಡು ಎದ್ದು ಹೆಜ್ಜೆ ಎಣಿಸುತ್ತ ಬಂದಳು. ಒಂಬತ್ತು. ನನ್ನ ತೋಳು ಹಿಡಿದು ನೆಲಕ್ಕೆ ಇಳಿದು, ಅಂಗೈಯನ್ನು ಮಣ್ಣಿನ ಮೇಲಿಟ್ಟಳು.

"ಅಮ್ಮ, ತಡವಾಯ್ತು," ಎಂದಳು.

ನಾನು ಕಾರಿನ ಹಿಂದೆ ಹೋಗಿ ನಿಂತು ಅತ್ತೆ.

ಅಲ್ಲಿಂದ ಹದಿನಾಲ್ಕು ತಿಂಗಳು ಬದುಕಿದಳು. ಪ್ರತಿ ಭಾನುವಾರ ಪ್ರಾರ್ಥನೆ ಮುಗಿದಮೇಲೆ ಅಲ್ಲಿಗೆ ಕರೆದುಕೊಂಡು ಹೋಗಬೇಕು. ಅದರ ಪಕ್ಕ ಕುಳಿತು ವಾರದ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು, ಕಾರ್ಲಿನ್‌ಗೆ ಮೊಮ್ಮಗ ಹುಟ್ಟಿದ್ದು, ನನ್ನ ರೊಟ್ಟಿ ಸೀದದ್ದು, ಎಲ್ಲ. ನಾನು ಪ್ರತಿ ಸಲವೂ ಹೇಳಿಬಿಡೋಣವೆಂದು ಬಾಯಿ ತೆರೆಯುತ್ತಿದ್ದೆ. ಅವಳು ಪ್ರತಿ ಸಲವೂ ಬೇರೆ ಮಾತು ತೆಗೆಯುತ್ತಿದ್ದಳು. ಮುದುಕಿಗೆ ಮಾತಿನ ಚಟ ಹೆಚ್ಚಾಯಿತು ಎಂದುಕೊಂಡೆ.

೨೦೧೫ರ ಮಾರ್ಚಿನಲ್ಲಿ ನಿದ್ದೆಯಲ್ಲೇ ಹೋದಳು. ಆ ಜಾಗದ ಪಕ್ಕದಲ್ಲಿ ಹೂಳಿಸಿದೆ. ಕಲ್ಲು ಬೇಡ ಎಂದಿದ್ದಳು, ಅಮ್ಮನಿಗೆ ಇಲ್ಲದ್ದು ತನಗೆ ಯಾಕೆ ಎಂದು. ಅವಳ ಕಾಫಿ ಲೋಟದ ತಳವನ್ನು ನಾನೇ ಸುತ್ತಿಗೆಯಿಂದ ಒಡೆದು ಮಣ್ಣಿನ ಮೇಲಿಟ್ಟೆ. ಅವಳ ಕನ್ನಡಕ, ನಾವು ಬಿಸಿಲು ಹಿಡಿಯುತ್ತಿದ್ದ ಕನ್ನಡಿ ಎರಡನ್ನೂ ಇಟ್ಟೆ. ಪಾದ್ರಿಯ ಹೊಸ ಮಾಲಿಗೆ ಹೇಳಿದ್ದೇನೆ, ಅದನ್ನು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು.

ಹಸಿರು ಪುಸ್ತಕ ನನ್ನ ಹೆಸರಿಗೆ ಬಿಟ್ಟಿದ್ದಳು. ಒಂದು ತಿಂಗಳು ತೆರೆಯಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲಿಟ್ಟು ಮೊದಲಿನಿಂದ ಓದಿದೆ. ಬೈನಾ, ಇಂಕು. ಅವಳ ಮಗು, ಇಂಕು. ಅಜ್ಜ, ಅಜ್ಜಿ, ನಮ್ಮಮ್ಮ, ನಾನು, ಎಲ್ಲರೂ ಇಂಕಿನಲ್ಲಿ. ೧೯೬೮ರ ಮೂರು ಗಾಡಿಯೂ ಇತ್ತು, ಇಂಕಿನಲ್ಲೇ. ಅದಕ್ಕೆ ಎರಡು ಸಾಕ್ಷಿ ಸಿಕ್ಕಿತ್ತಲ್ಲ, ನಡಾವಳಿ ಪುಸ್ತಕ ಒಂದು, ನಾನು ಒಂದು.

ಇವಾಲಿನಾಳ ಪುಟ ಕಡೆಯದು. ಹುಟ್ಟು ಇಂಕು. ಮದುವೆ ಇಂಕು. ಸಾವು ಇಂಕು. ಅದರ ಕೆಳಗೆ, "ಗೋರಿ: ಓಕ್ ಮರದಿಂದ ಪೂರ್ವಕ್ಕೆ ಒಂಬತ್ತು ಹೆಜ್ಜೆ. ತಂಗಿ ಹೇಳಿದ್ದು."

ಅದೊಂದು ಸಾಲು ಪೆನ್ಸಿಲ್ಲಿನಲ್ಲಿತ್ತು.

ಅವಳಿಗೆ ಗೊತ್ತಿತ್ತು. ಹದಿನಾಲ್ಕು ತಿಂಗಳ ಭಾನುವಾರಗಳೂ ಗೊತ್ತಿದ್ದೇ ಆ ಮಣ್ಣಿನ ಪಕ್ಕ ಕುಳಿತಳು, ಗೊತ್ತಿದ್ದೇ ಅಲ್ಲಿ ಮಲಗಿದಳು. ನಾನು ಬಾಯಿ ತೆರೆದಾಗಲೆಲ್ಲ ಮಾತು ತಿರುಗಿಸಿದ್ದೂ ಅದಕ್ಕೇ.

ಪೆನ್ನು ತೆಗೆದುಕೊಂಡು ಆ ಸಾಲನ್ನು ತಿದ್ದೋಣವೆಂದು ಎಷ್ಟು ಸಲ ಕುಳಿತಿದ್ದೇನೋ ಲೆಕ್ಕವಿಲ್ಲ. ಆಗುವುದಿಲ್ಲ. ಅವಳ ಕಟ್ಟಳೆಯ ಪ್ರಕಾರ ಎರಡು ಸಾಕ್ಷಿ ಬೇಕು. ಇರುವುದು ಒಂದೇ, ಅದೂ ನಾನು.